ಹೊಸ ಕಂಪ್ಯೂಟರ್ ಜೊತೆ ಬಂದವರು

ಮದುವೆಗೆ ಮುಂಚೆ ನಾನು ಚಳ್ಳಕೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡುತ್ತಿದ್ದೆ. ಮೊಳಕಾಲ್ಮೂರಿನ ಗಂಡನ ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಯಜಮಾನರು, ಇನ್ನೊಂದರಲ್ಲಿ ಅತ್ತೆ. ಸೀರೆಯಂಚಿನ ಹೂವು ಹಕ್ಕಿಗಳನ್ನು ಗ್ರಾಫ್ ಹಾಳೆಯಲ್ಲಿ ಬರೆಸಿಕೊಳ್ಳಲು ಅವರು ಬೇರೆಯವರಲ್ಲಿಗೆ ಅಲೆಯುವುದನ್ನು ನೋಡಿ, "ಕಂಪ್ಯೂಟರಲ್ಲಿ ನಾನೇ ಬರೀತೀನಿ" ಅಂದೆ. ಡಿಟಿಪಿ ಅಂಗಡಿಯ ಮಾಲೀಕರನ್ನು ನಾನು ಅಣ್ಣ ಎಂದೇ ಕರೆಯುವುದು. ಅವರು ತೊಂಬತ್ತರ ದಶಕದಲ್ಲಿ ತಮ್ಮ ಕೈಯಾರೆ ಜೋಡಿಸಿದ್ದ ಹಳೇ ಯಂತ್ರವೊಂದನ್ನು ಕೊಟ್ಟರು.

ಆ ಡಬ್ಬಿ ಎತ್ತಲು ಇಬ್ಬರು ಬೇಕಿತ್ತು. ಬೆಳಿಗ್ಗೆ ಆನ್ ಮಾಡಿ, ಅಕ್ಕಿ ತೊಳೆದು ಒಲೆಯ ಮೇಲಿಟ್ಟು ಬರುವಷ್ಟರಲ್ಲಿ ಎದ್ದಿರುತ್ತಿತ್ತು. ಎದ್ದ ಮೇಲೆ ಮಾತ್ರ ಕೊಟ್ಟ ಕೆಲಸವನ್ನು ತೆಪ್ಪಗೆ ಮಾಡುತ್ತಿತ್ತು. ಹಾಗೇ ಏಳು ವರ್ಷ ದುಡಿಯಿತು. ಒಂದು ಬೇಸಿಗೆ ಕರೆಂಟು ಏರಿಳಿದು ಒಳಗಿನದೆಲ್ಲ ಸುಟ್ಟುಹೋಯಿತು.

ಆಗ ಎಲ್ಲ ಕಡೆ ಕಂಪನಿ ಕಂಪ್ಯೂಟರ್‌ಗಳ ಸುಗ್ಗಿ. ಒಂದು ಶೋರೂಮಿನಿಂದ ಹೊಸದನ್ನು ತಂದೆವು. ಅತ್ತೆ ಒಂದೇ ಕೈಯಲ್ಲಿ ಎತ್ತಿ, "ಒಳಗೇನೂ ಇಲ್ವೇನೇ ಇದ್ರಾಗೆ?" ಅಂದರು.

ಒಳಗೆ ಏನೇನಿತ್ತೆಂದು ಆನ್ ಮಾಡಿದಾಗ ಗೊತ್ತಾಯಿತು. ಮೊದಲು ಒಂದು ಕಿಟಕಿ ತೆರೆದು, ನಿಮ್ಮ ಹೆಸರು ನೋಂದಾಯಿಸಿ ಎಂದಿತು. ಅದನ್ನು ಮುಚ್ಚುವುದರೊಳಗೆ ವೈರಸ್ ಬಾರದಂತೆ ಕಾಯುವವನು ಬಂದು, ಮೂವತ್ತು ದಿನ ಮಾತ್ರ ಕಾಯುತ್ತೇನೆ ಎಂದ. ಆಮೇಲೆ ಫೋಟೊ ಜೋಡಿಸುವುದು, ಹಾಡು ಕೊಳ್ಳುವುದು, ಮೀನು ಹಿಡಿಯುವ ಆಟ. ಇಂಟರ್ನೆಟ್ಟೇ ಇಲ್ಲದ ನಮ್ಮ ಮನೆಯಲ್ಲಿ ಇಂಟರ್ನೆಟ್ ಹುಡುಕಲು ಪರದೆಯ ನೆತ್ತಿಯಲ್ಲಿ ಮೂರು ಪಟ್ಟಿಗಳು. ಮಗ್ಗದಲ್ಲಿ ಕೂತೇ ನೋಡುತ್ತಿದ್ದ ಅತ್ತೆ, "ಯಾರೇ ಇವ್ರೆಲ್ಲ? ನಾವು ಕರೆದಿದ್ವಾ?" ಎಂದರು.

"ಇಲ್ಲತ್ತೆ, ಕಂಪ್ಯೂಟರ್ ಜೊತೆಗೇ ಬಂದವರು."

"ಊಟಕ್ಕೂ ಇರ್ತಾರೇನು?"

ಇದ್ದರು. ದಿನವೂ ಇವರನ್ನೆಲ್ಲ ಒಬ್ಬೊಬ್ಬರಾಗಿ ಕಳಿಸಿಯೇ ನಾನು ಕೆಲಸಕ್ಕೆ ಕೂರಬೇಕಿತ್ತು. ಹೊಸ ಯಂತ್ರ ಹಳೆಯದಕ್ಕಿಂತ ನಿಧಾನವಾಗಿತ್ತು. ಕೀಬೋರ್ಡ್ ಹಸಿ ಹಪ್ಪಳದಂತೆ ಬಾಗುತ್ತಿತ್ತು. ಎರಡೇ ತಿಂಗಳಲ್ಲಿ ಅದರ ಅಕ್ಷರಗಳು ಅಳಿಸಿಹೋದವು.

ಆ ಹೊತ್ತಿಗೆ ವ್ಯಾಪಾರಿಯೊಬ್ಬರು ಒಂದು ಹಳೇ ಸೀರೆ ತಂದು, ಅದರ ಹಂಸದಂಚು ಮತ್ತೆ ಬೇಕೆಂದರು. ಸೀರೆ ಯಾರದೋ ತಾಯಿಯದು. ಎರಡು ದಿನ ಮಾತ್ರ ನಮ್ಮಲ್ಲಿಟ್ಟು ವಾಪಸ್ ಒಯ್ದರು. ಗ್ರಾಫಿನಲ್ಲಿ ಒಂದೊಂದು ಚೌಕ ಒಂದೊಂದು ಎಳೆ. ಸೀರೆ ಇದ್ದಾಗಲೇ ಎಳೆ ಎಣಿಸಿ ಎಣಿಸಿ ಎರಡೂ ಹಂಸಗಳನ್ನು ಮುಗಿಸಿದ್ದೆ. ನೋಡದೆಯೂ ಬರೆಯಬಹುದಾದ ಬಳ್ಳಿಯೊಂದು ಬಾಕಿ ಇತ್ತು. ನಲ್ಲಿಯಲ್ಲಿ ನೀರು ಬಂತೆಂದು ಕೊಡ ಹಿಡಿದು ಹೊರಗೆ ಹೋದೆ.

ಬಂದು ನೋಡಿದರೆ ಪರದೆ ಕಪ್ಪಗಿತ್ತು. ಅತ್ತೆ ಗೋಡೆಯ ಪಕ್ಕ ನಿಂತಿದ್ದರು. ಕೈಯಲ್ಲಿ ಕಿತ್ತ ಪ್ಲಗ್.

"ಕೆಂಪಗೆ ಬಂದು ಬಡ್ಕಳ್ತಿತ್ತು ಕಣೇ. ಬೆಂಕಿ ಗಿಂಕಿ ಹತ್ಕಂಡ್ರೆ ನಿನ್ ಹಂಸ ಸುಟ್ಟೋಗ್ತಾವೆ ಅಂತ ಕಿತ್ತಾಕಿದೆ."

ಮೂವತ್ತು ದಿನ ಮುಗಿದ ಮೇಲೆ ವೈರಸ್ ಕಾಯುವವನು ಹಾಗೆ ಕೆಂಪು ಬಣ್ಣದಲ್ಲಿ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಎಂದು ಸದ್ದು ಮಾಡಿ ದುಡ್ಡು ಕೇಳುತ್ತಿದ್ದ. ಮತ್ತೆ ಆನ್ ಮಾಡಿದೆ. ಅತಿಥಿಗಳೆಲ್ಲ ಕ್ಷೇಮವಾಗಿ ಬಂದರು. ಹಂಸದ ಕಡತ ಮಾತ್ರ ತೆರೆಯಲಿಲ್ಲ. ನನಗೆ ಅಳು ಬಂತು. ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಲಾಗದೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಸ್ವಲ್ಪ ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದರು. "ಆ ಅಂಚು ನಾನು ಮದ್ವೆಯಾದ ಹೊಸ್ದ್ರಾಗೆ ಎಷ್ಟು ನೇಯ್ದಿಲ್ಲ! ಕೈಗೆ ನೆಪ್ಪೈತೆ. ಬಾ, ಹೇಳ್ತೀನಿ."

ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, ಬೆರಳಿನಿಂದ ತೊಡೆಯ ಮೇಲೆ ತಟ್ಟುತ್ತ ಹೇಳತೊಡಗಿದರು. "ಎರಡು ಬಿಡು. ಮೂರು ತಗಾ. ಮತ್ತೆ ಒಂದು ಬಿಡು." ಎಲ್ಲಾದರೂ ಮರೆತರೆ ಎದ್ದುಹೋಗಿ ಮಗ್ಗದಲ್ಲಿ ಕೂರುತ್ತಿದ್ದರು, ಕಾಲಿಗೆ ತುಳಿಮಣೆ ಸಿಕ್ಕರೆ ಮರೆತದ್ದು ಬರುತ್ತಿತ್ತು. ನಾನು ಐದು ನಿಮಿಷಕ್ಕೊಮ್ಮೆ ಉಳಿಸಿಕೊಳ್ಳುತ್ತ ಹೋದೆ. ನಡುವೆ ಮೀನಿನ ಆಟದವನು ಸದ್ದು ಮಾಡಿ ಇಣುಕಿದಾಗ ಅತ್ತೆ ಕಣ್ಣು ಬಿಡದೆಯೇ, "ಬಂದ್ನಾ? ಕಳ್ಸು" ಎನ್ನುತ್ತಿದ್ದರು.

ಅಂಚು ಮುಗಿದ ಮಾರನೇ ದಿನ ಡಬ್ಬಿಯನ್ನು ನನ್ನದೊಂದು ಹಳೇ ಸೀರೆಯಲ್ಲಿ ಸುತ್ತಿ ಚಳ್ಳಕೆರೆ ಬಸ್ಸು ಹತ್ತಿದೆ. ಅತ್ತೆಯೂ ಬಂದರು.

ಡಿಟಿಪಿ ಅಂಗಡಿಯ ಅಣ್ಣ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಬೆರಳಲ್ಲಿ ಅದನ್ನು ಮಣಿಸಿ ತೋರಿಸಿದರು. "ನೋಡಮ್ಮ, ಎಣ್ಣೆ ಡಬ್ಬದ ತಗಡು ಇದಕ್ಕಿಂತ ದಪ್ಪ ಐತೆ. ಕಮ್ಮಿ ರೇಟಿಗೆ ಕೊಡ್ಬೇಕಲ್ಲ, ಎಲ್ಲೆಲ್ಲಿ ಕೆರೀಬೋದೋ ಅಲ್ಲೆಲ್ಲ ಕೆರೆದವ್ರೆ."

"ಮತ್ತೆ ಒಳಗೆ ಇಷ್ಟೊಂದು ತುಂಬವ್ರಲ್ರಿ?" ಅತ್ತೆ ಕೇಳಿದರು.

"ಅದು ಪುಗಸಟ್ಟೆ ತುಂಬಿದ್ದಲ್ಲ ಅವ್ವಾ. ಅವನ್ನ ಮಾಡಿದೋರು ಕಂಪ್ನಿಗೆ ದುಡ್ಡು ಕೊಟ್ಟು ಕೂರ್ಸಿರ್ತಾರೆ. ಒಂದು ತಿಂಗ್ಳು ಬಿಟ್ಟಿ, ಆಮೇಲೆ ನಿಮ್ಹತ್ರ ವಸೂಲಿ. ಎಲ್ಲಾ ಅಳ್ಸಿ ಹೊಸ್ದಾಗಿ ತುಂಬಾಣ ಅಂತ ಜೊತೆಗೆ ಬಂದಿರೋ ಡಿಸ್ಕ್ ಹಾಕಿದ್ರೆ ಇವೆಲ್ಲಾ ವಾಪಸ್ ಬಂದ್ಬಿಡ್ತವೆ. ಒಂದೊಂದೇ ಕೀಳ್ಬೇಕು."

ಕಿತ್ತರು. ಅತ್ತೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತು, "ಹಾಡಿನೋನು ಹೋದ್ನಾ? ಆ ಕೆಂಪು ಮಾರಿ?" ಎಂದು ವಿಚಾರಿಸುತ್ತಿದ್ದರು. ವೈರಸ್ ಕಾಯುವವನು ಹೋಗುವ ಮುಂಚೆ, ನಿಜವಾಗಿಯೂ ತೆಗೆಯಬೇಕೇ ಎಂದು ಮೂರು ಸಲ ಕೇಳಿದ. ಅಣ್ಣ ಅದನ್ನು ಕನ್ನಡದಲ್ಲಿ ಓದಿ ಹೇಳಿದರು. "ಮುಚ್ಕಂಡು ಹೋಗು ಅನ್ರಿ" ಅಂದರು ಅತ್ತೆ. ಅಂಗಡಿಗೆ ಬಂದಿದ್ದ ಗಿರಾಕಿಗಳೆಲ್ಲ ನಕ್ಕುಬಿಟ್ಟರು. ಅಣ್ಣ ಒಂದು ಹಳೇ ದಪ್ಪ ಕೀಬೋರ್ಡನ್ನೂ ಕೊಟ್ಟು ಕಳಿಸಿದರು.

ಅದಾದ ಮೇಲೆ ಯಂತ್ರ ಚುರುಕಾಯಿತು. ಮೊದಲ ದಿನ ಆನ್ ಮಾಡಿದಾಗ ಬರೀ ನೀಲಿ ಪರದೆ, ಮೂಲೆಯಲ್ಲಿ ನನ್ನ ಕಡತಗಳು. ಎಷ್ಟು ಹಾಯಾಗಿತ್ತೆಂದರೆ ಸುಮ್ಮನೆ ನೋಡುತ್ತ ಕೂತೆ. ಆದರೆ ತಗಡಿಗೆ ಯಾರೂ ಏನೂ ಮಾಡುವಂತಿರಲಿಲ್ಲ. ಆನ್ ಮಾಡುವ ಗುಂಡಿ ಒಳಗೆ ಬಿದ್ದುಹೋಗಿ, ಪೆನ್ನಿನಿಂದ ಒತ್ತಬೇಕಾಯಿತು. ಎರಡನೇ ವರ್ಷ ಮುಗಿಯುವ ಮೊದಲೇ ಪೂರ್ತಿ ಕೈಕೊಟ್ಟಿತು.

ಹಂಸದ ಸೀರೆ ಅಷ್ಟರಲ್ಲಿ ಮಗ್ಗದಿಂದ ಇಳಿದು ಹೋಗಿ ಬಹಳ ಕಾಲವಾಗಿತ್ತು. ಒಯ್ಯಲು ಬಂದ ದಿನ ವ್ಯಾಪಾರಿ ಅದನ್ನು ಬಿಡಿಸಿ, ಅಂಚಿನ ಮೇಲೆ ಕೈಯಾಡಿಸಿ, ಹುಬ್ಬು ಗಂಟಿಕ್ಕಿದ್ದರು. "ಅಮ್ಮಾ, ಹಳೇದ್ರಲ್ಲಿ ಹಂಸ ಎರಡೂ ಎದುರುಬದುರು ಇದ್ವಲ್ಲ. ಇಲ್ಲಿ ಒಂದು ಹಿಂದಕ್ಕೆ ತಿರುಗೈತೆ?"

ಬರೆಯುವಾಗ ನನಗೂ ಅನುಮಾನ ಬಂದಿತ್ತು, ಅತ್ತೆಯ ಕೈಯ ನೆನಪನ್ನು ನಂಬಿ ಹಾಗೇ ಬರೆದಿದ್ದೆ. ಅತ್ತೆ ಮಗ್ಗದಿಂದ ಏಳಲೂ ಇಲ್ಲ.

"ಹೂನ್ರಿ, ನಮ್ಮ ಕಾಲದಾಗೆ ಹಿಂಗೇ ನೇಯ್ತಿದ್ವಿ. ಹಿಂದೆ ಯಾರು ಬರ್ತಾವ್ರೆ ಅಂತ ನೋಡ್ತೈತೆ."

ವ್ಯಾಪಾರಿ ಮತ್ತೊಮ್ಮೆ ಬಗ್ಗಿ ನೋಡಿದರು. ನಕ್ಕರು. ಅಂಥದೇ ಇನ್ನೂ ನಾಲ್ಕು ಬೇಕೆಂದರು.