ಭಾಮೈದನ ಪರ್ಮಿಟ್

ಮೀನುಪುಡಿ ಗುಮಾಸ್ತರು ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಹೊರದೇಶದಿಂದ ಬರುವ ದನದ ಮೇವು, ಕೋಳಿ ಆಹಾರ, ಜಾನುವಾರು ಔಷಧಿಗಳಿಗೆ ಪರ್ಮಿಟ್ ಕೊಡುವ ಸರ್ಕಾರಿ ಕಚೇರಿಯಲ್ಲಿ ಅವರ ಕೆಲಸ. ಮೇಜಿನ ತುಂಬ ಸ್ಯಾಂಪಲ್ ಸೀಸೆಗಳು. ಅದರಲ್ಲೂ ಕೋಳಿಗೆ ಹಾಕುವ ಮೀನಿನ ಪುಡಿಯ ವಾಸನೆ ಅಂಗಿಗೆ ಹತ್ತಿದರೆ ಎಷ್ಟು ಒಗೆದರೂ ಬಿಡದು. ಹೆಂಡತಿ ಅವರ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಸಂಜೆ ಅವರು ಬೀದಿಯ ತಿರುವಿಗೆ ಬಂದರೆ ಸಾಕು, ಬೆಕ್ಕುಗಳು ಮೈ ಮುರಿದು ಎದ್ದು ಹಿಂದೆಯೇ ನಡೆಯುತ್ತಿದ್ದವು.

"ಬಂತು ನೋಡಿ ನಿಮ್ಮ ಮೆರವಣಿಗೆ," ಎಂದು ಹೆಂಡತಿ ಬಾಗಿಲು ತೆಗೆಯುತ್ತಿದ್ದಳು.

ಕೈ ಶುದ್ಧವಿದ್ದ ಮನುಷ್ಯ. ಅವರಿಗಿದ್ದದ್ದು ಒಂದೇ ಭಯ: ತನ್ನವರಿಗೆ ಮಾಡಿಕೊಟ್ಟ ಅಂತ ನಾಲ್ಕು ಜನ ಆಡಿಕೊಂಡಾರು. ಮದುವೆಮನೆಯಲ್ಲಿ ಬಡಿಸಲು ನಿಂತರೆ ಸ್ವಂತ ಮಕ್ಕಳ ತಟ್ಟೆಗೆ ಕೊನೆಗೆ ಬರುತ್ತಿದ್ದರು; ಅಷ್ಟರಲ್ಲಿ ಪಾತ್ರೆಯಲ್ಲಿ ಸಿಹಿ ಮುಗಿದಿರುತ್ತಿತ್ತು. ಬಸ್ಸಿನಲ್ಲಿ ಸೀಟು ಹಿಡಿದರೆ ಪಕ್ಕದ ಮನೆಯವರಿಗೆ. ಹೆಂಡತಿ ಕಂಬಿ ಹಿಡಿದು ನೇತಾಡಿಕೊಂಡು ಬರಬೇಕು.

ಆಕೆಯ ತಮ್ಮನದು ಮೇವು ಮತ್ತು ಜಾನುವಾರು ಔಷಧಿಯ ಅಂಗಡಿ. ಆ ವರ್ಷ ಮೊದಲ ಸಲ ಕರುಗಳಿಗೆ ಕುಡಿಸುವ ಹಾಲಿನ ಪುಡಿಯನ್ನು ಹೊರಗಿನಿಂದ ತರಿಸಲು ಹೊರಟಿದ್ದ. ಅದಕ್ಕೆ ಆ ದೇಶದ ದನಗಳಲ್ಲಿ ಕಾಲುಬಾಯಿ ರೋಗ ಇಲ್ಲವೆಂದು ಅಲ್ಲಿಯ ಸರ್ಕಾರಿ ಪಶುವೈದ್ಯರ ಪತ್ರ ಬೇಕು, ಪುಡಿಯಲ್ಲಿ ಏನೇನು ಬೆರೆಸಿದೆ ಎಂಬ ವಿವರ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸರಕು ಹಡಗು ಹತ್ತುವ ಮೊದಲೇ ಪರ್ಮಿಟ್ ಕೈಯಲ್ಲಿರಬೇಕು. ಇಲ್ಲವಾದರೆ ಇಲ್ಲಿಯ ಬಂದರು ಮುಟ್ಟಿದ ಸರಕು ಹಾಗೇ ವಾಪಸ್ಸು. ಅವನು ಪತ್ರಗಳನ್ನೆಲ್ಲ ಜೋಡಿಸಿ ಅರ್ಜಿ ಕೊಟ್ಟಿದ್ದ, ಹಡಗಿನಲ್ಲಿ ಜಾಗವನ್ನೂ ಕಾದಿರಿಸಿದ್ದ. ಹಡಗು ತಿಂಗಳ ಕೊನೆಗೆ ಹೊರಡುವುದಿತ್ತು. ತಿಂಗಳು ಸರಿಯುತ್ತ ಬಂದರೂ ಪರ್ಮಿಟ್ಟಿನ ಸುದ್ದಿಯಿಲ್ಲ.

ಒಂದು ಮಧ್ಯಾಹ್ನ ಅಕ್ಕನ ಅಡುಗೆಮನೆಗೆ ಬಂದು ಕುಳಿತ.

"ಅಕ್ಕಾ, ನನ್ನ ಹಿಂದೆ ಅರ್ಜಿ ಕೊಟ್ಟ ಕೋಳಿಫಾರಂನೋನಿಗೆ ಪರ್ಮಿಟ್ ಬಂತು, ಅವನ ಮಾಲೂ ಬಂತು. ಭಾವನ್ನ ಸ್ವಲ್ಪ ಕೇಳೇ."

"ನೀನೇ ಕೇಳೋ. ಬಾಯಿಲ್ವಾ?"

"ಕೇಳಿದೆ. 'ಪರಿಶೀಲನೆಯಲ್ಲಿದೆ' ಅಂದ್ರು. ಒಟ್ಟಿಗೆ ಊಟಕ್ಕೆ ಕೂತು ಯಾರಾದ್ರೂ ಹಾಗಂತಾರೇನೇ? ನಾನೇನು ಹೊರಗಿನೋನಾ?"

"ಹೊರಗಿನೋನಾಗಿದ್ರೆ ಇಷ್ಟೊತ್ತಿಗೆ ಸಿಕ್ಕಿರೋದು."

ತಮಾಷೆಗೆ ಬಂದ ಮಾತು. ಆಡಿದ ಮೇಲೆ ಆಕೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮದುವೆಮನೆಯ ಖಾಲಿ ತಟ್ಟೆಗಳು ಕಣ್ಣೆದುರು ಬಂದವು.

ಸಂಜೆ ಗಂಡ ಬಂದೊಡನೆ ಕೇಳಿದಳು. "ರೀ, ಅವನ ಅರ್ಜಿ ಎಲ್ಲಿದೆ?"

"ಆಫೀಸಿನ ವಿಷಯ ಮನೇಲಿ ಬೇಡ."

"ಅರ್ಜಿಗಳ ಕಟ್ಟಿನ ತಳದಲ್ಲಿಟ್ಟಿದ್ದೀರಿ, ಅಲ್ವಾ?"

ಅವರು ಏನನ್ನೋ ಹುಡುಕುವವರಂತೆ ಮಂಚದ ಕೆಳಗೆ ಬಗ್ಗಿದರು. ಅಲ್ಲಿ ಏನೂ ಇರಲಿಲ್ಲ. ಬೇಗ ಮೇಲೇಳಲೂ ಇಲ್ಲ.

"ಆಯ್ತು ಬಿಡಿ. ಆಫೀಸಿನ ವಿಷಯ ಆಫೀಸಿನಲ್ಲೇ ಕೇಳ್ತೀನಿ."

ಮಾರನೆಯ ದಿನ ಆಕೆ ಒಳ್ಳೆಯ ಬಟ್ಟೆ ಉಟ್ಟು, ಕಚೇರಿಗೆ ಹೋಗಿ, ಕಿಂಡಿಯ ಮುಂದಿನ ಸಾಲಿನಲ್ಲಿ ಎಲ್ಲರಂತೆ ನಿಂತಳು. ಹಿಂದೆ ನಿಂತಿದ್ದ ಮೇವಿನ ವ್ಯಾಪಾರಿಗೆ ಮಾತಿನ ಚಪಲ.

"ಮೊದಲ ಸಲವಾ ತಾಯಿ? ಇವರ ಹತ್ರ ವಶೀಲಿ ಗಿಶೀಲಿ ನಡೆಯಲ್ಲ, ಈಗಲೇ ಹೇಳಿರ್ತೀನಿ."

"ಗೊತ್ತಪ್ಪ," ಎಂದಳು.

ಸರದಿ ಬಂತು. ಕಿಂಡಿಯೊಳಗೆ ಗುಮಾಸ್ತರು ತಲೆಯೆತ್ತಿದರು. ಪೆನ್ನು ಹಾಳೆಯ ಮೇಲೆ ನಿಂತು ಶಾಯಿ ಹರಡಿತು.

"ನಮಸ್ಕಾರ ಸಾರ್. ಕರುವಿನ ಹಾಲಿನ ಪುಡಿಯ ಅರ್ಜಿ. ಏನಾಗಿದೆ ಅಂತ ನೋಡಿ ಹೇಳ್ತೀರಾ?"

ಅವರ ಕಿವಿ ಕೆಂಪಾಯಿತು. ಬಾಯಿಗೆ ಬಂದದ್ದು ಕಚೇರಿಯ ಮಾತೇ. "ಅರ್ಜಿದಾರರು ನಿಮಗೆ ಏನಾಗಬೇಕು?"

"ತಮ್ಮ, ಸಾರ್. ಅವನಿಗೆ ಒಬ್ಬ ಭಾವ ಇದ್ದಾರೆ. ಅವರಿಂದ ಏನೂ ಆಗ್ಲಿಲ್ಲ, ಅದಕ್ಕೇ ನಾನೇ ಬಂದೆ."

"ಇರ್ತಾರಮ್ಮ ಅಂಥೋರು, ಮನೆಗೊಬ್ರು," ಎಂದ ಹಿಂದಿನ ವ್ಯಾಪಾರಿ. ಸಾಲಿಗೆ ಸಾಲೇ ನಕ್ಕಿತು.

ಗುಮಾಸ್ತರು ಎರಡೂ ಕೈ ಹಾಕಿ ಕಟ್ಟಿನ ತಳದಿಂದ ಅರ್ಜಿಯನ್ನು ಎಳೆದರು. ಮೇಲಿನ ಭಾರಕ್ಕೆ ಅದು ಇಸ್ತ್ರಿ ಮಾಡಿದಂತೆ ಚಪ್ಪಟೆಯಾಗಿತ್ತು.

"ಇದರ ಮೇಲಿದ್ದಿದ್ದೆಲ್ಲ ಇದಕ್ಕಿಂತ ಮುಂಚೆ ಬಂದಿದ್ದಾ ಸಾರ್?"

ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. "ಅಲ್ಲ," ಎಂದರು.

ಎದ್ದು ಅರ್ಜಿ ಹಿಡಿದು ಸಾಹೇಬರ ಕೋಣೆಗೆ ಹೋದರು. ಬಾಗಿಲು ತೆರೆದೇ ಇದ್ದುದರಿಂದ ಮಾತು ಹೊರಗೆ ಕೇಳಿಸಿತು.

"ಇದು ನನ್ನ ಭಾಮೈದನದು ಸಾರ್. ದಿನಾ ತಳಕ್ಕೆ ಹಾಕ್ತಾ ಬಂದೆ. ನಮ್ಮವನಿಗೆ ಮಾಡಿಕೊಟ್ಟೆ ಅಂತ ಜನ..."

"ನಿಮ್ಮವರದಾದ್ರೆ ಪಕ್ಕದ ಮೇಜಿಗೆ ಕೊಟ್ರಾಯ್ತಲ್ರೀ! ಕೋಳಿ ಮೊಟ್ಟೆ ಮೇಲೆ ಕೂತ ಹಾಗೆ ಕೂತಿದ್ರಾ?"

ಪಕ್ಕದ ಮೇಜಿನವರು ಪತ್ರಗಳನ್ನು ನೋಡಿದರು. ಎಲ್ಲ ಸರಿಯಾಗಿತ್ತು. ಅಂದೇ ಸಾಹೇಬರ ಸಹಿ ಬಿತ್ತು. ಹಡಗು ಹೊರಡಲು ಇನ್ನೂ ನಾಲ್ಕಾರು ದಿನವಿತ್ತು. ಕಚೇರಿಗೆ ಹೋದ ಸಂಗತಿಯನ್ನು ಆಕೆ ತಮ್ಮನಿಗೆ ಹೇಳಲಿಲ್ಲ.

ಮಾಲು ಬಂದಿಳಿದ ಮೇಲೆ ತಮ್ಮ ಊಟಕ್ಕೆ ಬಂದ. ಮುಖ ಅರಳಿತ್ತು.

"ಅಕ್ಕಾ, ಮಾರ್ಕೆಟ್ಟಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆ. ಆ ಸೀಟಲ್ಲಿ ನಮ್ಮ ಭಾವ ಇಲ್ದಿದ್ರೆ ನನ್ನ ಮಾಲು ಸಮುದ್ರದ ಆಚೆಗೇ ಇರ್ತಿತ್ತು. ಭಾಮೈದ ಅಂತ ಒಂದೇ ದಿನದಲ್ಲಿ ಪರ್ಮಿಟ್ ಕೊಡಿಸಿಬಿಟ್ರು ಅಂತ!"

ಗುಮಾಸ್ತರ ಕೈಯ ತುತ್ತು ಬಾಯಿಯವರೆಗೂ ಹೋಗಲಿಲ್ಲ. ಸರ್ವೀಸಿನುದ್ದಕ್ಕೂ ಯಾವ ಮಾತಿಗೆ ಹೆದರಿದ್ದರೋ ಅದೇ ಮಾತು ಮಾರ್ಕೆಟ್ಟು ಸುತ್ತಿ ಮನೆಗೆ ಬಂದಿತ್ತು.

ಭಾಮೈದ ಕೈ ತೊಳೆಯಲು ಎದ್ದ. ಆಕೆ ಗಂಡನ ಹತ್ತಿರ ಬಗ್ಗಿದಳು.

"ಅವನಿಗೆ ನಿಜ ಹೇಳ್ಲಾ? ತಳದಲ್ಲಿಟ್ಟಿದ್ರು, ಒಂದಿಷ್ಟು ತಡವಾಗಿದ್ರೆ ನಿನ್ನ ಕಥೆ ಮುಗೀತಿತ್ತು ಅಂತ?"

ಅವರು ನಲ್ಲಿಯ ಕಡೆ ನೋಡಿದರು. ಅವನು ಏನೋ ಗುನುಗುತ್ತಿದ್ದ.

"ಬೇಡ," ಎಂದರು.

"ಹಾಗಾದ್ರೆ ಜನ ಆಡಿಕೊಳ್ತಾರೆ."

"ಆಡಿಕೊಳ್ಳಲಿ."

ಗುಮಾಸ್ತರು ಹೋಗಿ ವರ್ಷಗಳಾದವು. ಅವರು ತೀರಿಕೊಂಡ ದಿನವೂ ತಮ್ಮ, ಬಂದವರ ಮುಂದೆಲ್ಲ, ಭಾಮೈದನಿಗೆ ಒಂದೇ ದಿನದಲ್ಲಿ ಪರ್ಮಿಟ್ ಕೊಡಿಸಿದ ಭಾವನ ಕಥೆ ಹೇಳಿಕೊಂಡು ಅತ್ತ. ಆಕೆ ಗೋಡೆಗೊರಗಿ ಕೇಳಿಸಿಕೊಂಡಳು. ತಿದ್ದಲು ಹೋಗಲಿಲ್ಲ.