ಖಾಲಿ ಸೀಟಿನ ಬೆಲ್ಟು

ಈ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಬೆಳಿಗ್ಗೆ ಕಾರಿನ ಎಡಸೀಟಿನ ಮೇಲೆ ಬಾಳೆಹಣ್ಣಿನ ಚೀಲ ಇಟ್ಟು ಕೀಲಿ ತಿರುಗಿಸಿದೆ. ಕಾರು ಕೀಂ ಕೀಂ ಎಂದು ಬಡಕೊಳ್ಳತೊಡಗಿತು. ಯಾರೋ ಬೆಲ್ಟು ಹಾಕದೆ ಕೂತಿದ್ದಾರೆ ಎಂಬುದು ಅದರ ದೂರು. ಚೀಲವನ್ನು ಹಿಂದಿಟ್ಟರೆ ಸುಮ್ಮನಾಗುತ್ತಿತ್ತು. ನಾನು ಹಾಗೆ ಮಾಡದೆ, ಬೆಲ್ಟನ್ನು ಚೀಲದ ಮೇಲೆ ಹಾಯಿಸಿ ಕೊಕ್ಕೆಗೆ ಸಿಗಿಸಿದೆ. ಟಕ್ ಎಂಬ ಆ ಶಬ್ದ ಕೇಳಿದ್ದೇ ತಡ, ಮನಸ್ಸು ರಾಯಚೂರಿನ ನಮ್ಮ ಓಣಿ ಬಿಟ್ಟು ಎಲ್ಲಿಗೋ ಹೋಯಿತು.

ನಾನು ಗಬ್ಬೂರಿನ ಕೂಲಿಕಾರರ ಮನೆಯವನು. ವಾಯುಸೇನೆಗೆ ಸೇರಿದಾಗ ನಾನೇ ವಿಮಾನ ಹಾರಿಸುತ್ತೇನೆ ಎಂದುಕೊಂಡವರು ಊರಲ್ಲಿ ಬಹಳ ಮಂದಿ. ಅವರನ್ನು ತಿದ್ದುವ ಅವಸರ ನನಗೂ ಇರಲಿಲ್ಲ. ನಿಜದಲ್ಲಿ ನಾನು ನೆಲದವನು. ಪೈಲಟ್ ಆಗಲು ಬಂದವರು ಕಲಿಯುವ ಜೆಟ್ ವಿಮಾನವನ್ನು ಒರೆಸಿ, ಪರೀಕ್ಷಿಸಿ, ಅವರನ್ನು ಸೀಟಿಗೆ ಬಿಗಿದು ಕಳಿಸುವುದು ನನ್ನ ಕೆಲಸ. ಹೆಣ್ಣು ನೋಡಲು ಕುರ್ಡಿಗೆ ಹೋದಾಗ ಹುಡುಗಿಯ ಅಪ್ಪ ವಿಮಾನದ ಬಗ್ಗೆ ವಿಚಾರಿಸಿದರು. ಅದು ಕಲಿಸುವ ವಿಮಾನ, ಹೊತ್ತು ಬಂದರೆ ರೆಕ್ಕೆಯ ಕೆಳಗೆ ಸಣ್ಣ ಬಾಂಬು ಕಟ್ಟಿಕೊಂಡು ದಾಳಿಗೂ ಹೋಗುತ್ತದೆ ಎಂದು ಎದೆಯುಬ್ಬಿಸಿ ಹೇಳಿದೆ.

"ಕಲಸಾದೂ ಅದ, ಬಡಿಯಾದೂ ಅದ ಅಂದ್ರ ನಮ್ಮ ಸಾಲಿ ಮಾಸ್ತರ್ ಇದ್ದಂಗ ಅದ ಬಿಡ್ರಿ," ಅಂದರು ಅವರು.

ಒಳಗಿನಿಂದ ಒಂದು ನಗು ಕೇಳಿತು. ನಾನು ಮದುವೆಯಾದದ್ದು ಆ ನಗುವನ್ನೇ. ಮುಂದೆ ಆಕೆ ತಾನೇ ಸಾಲಿ ಟೀಚರ್ ಆದಳು.

ಆ ವಿಮಾನದಲ್ಲಿ ಎರಡು ಸೀಟು, ಪಕ್ಕಪಕ್ಕದಲ್ಲಿ. ಒಂದು ಕಲಿಯುವವನಿಗೆ, ಇನ್ನೊಂದು ಗುರುವಿಗೆ. ಒಂದು ದಿನ ಗುರು ಇಳಿದುಬಿಡುತ್ತಾನೆ, ಕಲಿತವನು ಒಬ್ಬನೇ ಹಾರಬೇಕು. ಆಗ ನಾವು ಮೊದಲು ನೋಡುತ್ತಿದ್ದದ್ದು ಹಾರುವವನನ್ನಲ್ಲ, ಖಾಲಿಯಾದ ಸೀಟನ್ನು. ಅದರ ಪಟ್ಟಿಗಳನ್ನೆಲ್ಲ ಒಂದಕ್ಕೊಂದು ಸಿಗಿಸಿ, ಎಳೆದು ಬಿಗಿಯಬೇಕು. ವಿಮಾನ ಮೇಲೆ ಮಗುಚಿದಾಗ ಒಂದು ಪಟ್ಟಿ ಜೋತುಬಿದ್ದು ಆ ಬದಿಯ, ವಿಮಾನ ತಿರುಗಿಸುವ ಹಿಡಿಕೋಲಿಗೆ ಸುತ್ತಿಕೊಂಡರೆ ಮುಗಿಯಿತು. ಹೀಗಾಗಿ ಜನ ಕೂತ ಸೀಟಿಗಿಂತ ಯಾರೂ ಇಲ್ಲದ ಸೀಟಿಗೇ ಹೆಚ್ಚು ಉಪಚಾರ. ಸಂಬಳದ ಕೆಲಸವೆಂದು ಮಾಡುತ್ತಿದ್ದೆ, ಅಷ್ಟೇ.

ಇಷ್ಟೆಲ್ಲ ತಿಳಿದವನಿಗೆ ಕಾರು ಹೊಡೆಯಲು ಬರುತ್ತಿರಲಿಲ್ಲ. ನಗಬೇಡಿ. ನಿವೃತ್ತನಾಗಿ ರಾಯಚೂರಿಗೆ ಬಂದ ಮೇಲೆ ಕಾರು ಕೊಂಡವಳೂ ನನ್ನಾಕೆ, ಹೊಡೆಯುವವಳೂ ಆಕೆ. ಮಾನ್ವಿಯ ಸಾಲಿಗೆ ಅದರಲ್ಲೇ ಹೋಗಿಬರುತ್ತಿದ್ದಳು. ಎಳ್ಳಮಾಸಿಗೆ ಕುರ್ಡಿಯ ತವರಿನ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಚೆಲ್ಲಿ ಅಲ್ಲೇ ಕೂತು ಉಣ್ಣಲು, ಹೋಗುವಾಗಲೂ ಆಕೆಯದೇ ಸಾರಥ್ಯ. ನಾನು ಪಕ್ಕದಲ್ಲಿ ಬುತ್ತಿ ಹಿಡಿದು ಕೂರುವ ಗಿರಾಕಿ. ಕಡೆಗೆ ಹಠ ಹಿಡಿದು ನನಗೂ ಕಲಿಸಿದಳು. ಕಲ್ಮಲ ದಾಟಿ ರಸ್ತೆ ಖಾಲಿ ಸಿಕ್ಕಲ್ಲಿ ಸೀಟು ಬದಲಿಸಿಕೊಳ್ಳುತ್ತಿದ್ದೆವು.

"ಇಮಾನ ಕಳಿಸಿದೋರಿಗೆ ಕ್ಲಚ್ ಬಿಡಾಕ ಬರವಲ್ದು. ಮೆಲ್ಲಕ ಬಿಡ್ರಿ, ಕಪ್ಪಿ ಜಿಗಿದಂಗ ಜಿಗಿಯಾಕತ್ತದ," ಎನ್ನುತ್ತಿದ್ದಳು.

ಒಂದು ದಿನ ತಾನು ಇಳಿದು, ಬಾಗಿಲು ಹಾಕಿ, "ಇನ್ನ ಒಬ್ಬರ ಹೋಗಿ ಬರ್ರಿ, ಆ ಬೇವಿನ ಗಿಡದ ತನಾ," ಅಂದಳು. ನಾನೂ ಇಳಿದುಬಿಟ್ಟೆ.

"ನೀ ಇಲ್ದ ನಾ ಹೋಗಂಗಿಲ್ಲ."

"ಎಷ್ಟು ದಿನ ನಿಮ್ಮ ಬಾಜೂಕ ಕುಂದರ್ಲಿ?"

ನಾನು ನಕ್ಕು, ಹೋಗಿ ಎಡಸೀಟಿನಲ್ಲಿ ಕೂತೆ. ಈ ಶ್ರಾವಣದಲ್ಲಿ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಮಕ್ಕಳಿಲ್ಲದ ಮನೆ ನಮ್ಮದು. ಕಾರಿಗೆ ಮುಸುಕು ಹಾಕಿಟ್ಟೆ. ಮಾತಿಗೆ ಯಾರೂ ಇಲ್ಲದ್ದರಿಂದ ಕುಕ್ಕರ್ ಕೂಗಿದರೂ "ಬಂದೆ, ಬಂದೆ" ಎನ್ನುವ ಚಾಳಿ ಬಿದ್ದಿದೆ. ಎಳ್ಳಮಾಸಿ ಹತ್ತಿರವಾದಾಗ ಆಕೆಯ ತಂಗಿ ಶಾಂತಮ್ಮ ಕುರ್ಡಿಯಿಂದ ಫೋನ್ ಮಾಡಿದಳು.

"ಮಾವಾ, ಚರಗಕ್ಕ ಬರ್ರಿ. ಬಸ್ಸಿಗೆ ಬರಬ್ಯಾಡ್ರಿ, ಕಾರ್ ತಗೊಂಡ ಬರ್ರಿ."

ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಹೋಗದಿದ್ದರೆ ಆ ಹೊಲದ ನಂಟು ನನ್ನ ಕೈಯಿಂದಲೇ ಹರಿದಂತೆ. ಹೋಗಬೇಕೆಂದರೆ ಒಬ್ಬನೇ ಹೊಡೆಯಬೇಕು. ಎರಡಕ್ಕೂ ನನಗೆ ಧೈರ್ಯವಿರಲಿಲ್ಲ.

ಅಂತೂ ಹೊರಟೆ. ಊರು ದಾಟುವಷ್ಟರಲ್ಲಿ ಕಾರು ಮೂರ್ನಾಲ್ಕು ಸಲ ನಿಂತಿತು, ಹಿಂದಿನ ಆಟೋದವರು ನನ್ನ ಇಡೀ ವಂಶವನ್ನು ನೆನೆದರು. ಕಲ್ಮಲದ ಆಚೆ ಗೇರು ಸರಿಯಾಗಿ ಬಿದ್ದಾಗ ಶಾಬಾಸ್ ಅನ್ನಿಸಿಕೊಳ್ಳಲು ಎಡಕ್ಕೆ ತಿರುಗಿ ನೋಡಿದೆ. ಬಾಳೆಹಣ್ಣು ಏನೂ ಅನ್ನಲಿಲ್ಲ. ಅಳು ಬಂತು. ಅಳುತ್ತಲೇ ಕಾರು ಹೊಡೆದೆ.

ಶಾಂತಮ್ಮ ರಸ್ತೆ ಪಕ್ಕದ ಹೊಲದ ಬದುವಿನ ಮೇಲೆ ನಿಂತಿದ್ದಳು.

"ಒಬ್ಬರ ಬಂದ್ರ್ಯಾ ಮಾವಾ?"

"ಹೂಂ ಯವ್ವಾ, ಒಬ್ಬನ ಬಂದೆ."

ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಇಬ್ಬರೂ ಜೋಳದ ಸಾಲುಗಳಲ್ಲಿ ಚರಗ ಚೆಲ್ಲಿ ಬಂದೆವು. ಕಂಬಳಿ ಹಾಸಿ ಬುತ್ತಿ ಇಟ್ಟವಳು ಗಂಟು ಬಿಚ್ಚಲಿಲ್ಲ, ರಸ್ತೆ ನೋಡುತ್ತ ನಿಂತಳು. ಹಸಿವಾಗಿತ್ತು, ಯಾಕವ್ವಾ ಎಂದು ಕೇಳಿದೆ.

"ಹೋದ ಎಳ್ಳಮಾಸ್ಯಾಗ ಅಕ್ಕ ಹೇಳಿದ್ಲು ಮಾವಾ. 'ಬರೋ ವರ್ಷ ಇವರನ್ನ ಒಬ್ಬರನ್ನ ಕಾರಿನ್ಯಾಗ ಕಳಿಸ್ತೀನಿ, ನಾ ಹಿಂದ ಬಸ್ಸಿಗೆ ಬರ್ತೀನಿ. ನಾ ಬರಾತನಾ ಅವರಿಗಿ ಉಣ್ಣಾಕ ನೀಡಬ್ಯಾಡ' ಅಂದಿದ್ಲು."

ನಾನೂ ಎದ್ದು ಶಾಂತಮ್ಮನ ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ರಾಯಚೂರಿನ ಬಸ್ಸು ಬಂತು. ಹೊಲದ ಎದುರಿಗೇ ನಿಂತಿತು, ಯಾರೋ ಇಬ್ಬರು ಇಳಿದರು, ಬಸ್ಸು ಮುಂದೆ ಹೋಯಿತು. ಅದು ಕಾಣದಾಗುವವರೆಗೆ ನೋಡಿ, ಶಾಂತಮ್ಮ ಬುತ್ತಿ ಬಿಚ್ಚಿ ನನಗೆ ನೀಡಿದಳು.