ತಿದ್ದುಪಡಿ, ಒಂದು ನಿಮಿಷ ಹನ್ನೆರಡು ಸೆಕೆಂಡ್

ಮಂಗಳವಾರ ಮಧ್ಯಾಹ್ನ ಮೂರರ ಸುಮಾರಿಗೆ ಹಿರಿಯೂರಿನ ಬ್ಯಾಂಡ್ ಮಾಸ್ಟರ್ ಒಬ್ಬರು ಚಿತ್ರದುರ್ಗದ ನಮ್ಮ ಪತ್ರಿಕಾ ಕಚೇರಿಗೆ ಬಂದು, ತಿದ್ದುಪಡಿ ಹಾಕಬೇಕು ಎಂದರು. ಕೈಯಲ್ಲಿ ಕ್ಲಾರಿನೆಟ್ಟಿನ ಕಪ್ಪು ಪೆಟ್ಟಿಗೆ ಇತ್ತು. ಅವರ ಬಗ್ಗೆ ನಾವು ಯಾವ ಪುಟದಲ್ಲೂ ಏನನ್ನೂ ಅಚ್ಚು ಹಾಕಿರಲಿಲ್ಲ.

ಡೆಸ್ಕಿನಲ್ಲಿ ನನ್ನ ಪಕ್ಕ ಕೂರುವ ಹಿರಿಯ ಸಹೋದ್ಯೋಗಿ ಪದ್ಧತಿಯಂತೆ ಕೇಳಿದರು. “ಯಾವ ಪುಟದಾಗೆ ಬಂದಿತ್ತು ಯಜಮಾನ್ರೇ?”

“ಪುಟದಾಗಲ್ಲ, ಮೊಬೈಲ್‌ನಾಗೆ. ಈ ಮೇಡಮ್ಮ ಹೇಳಿದ್ದು.”

ಡೆಸ್ಕಿನ ನಾಲ್ಕೂ ಕುರ್ಚಿಗಳು ನನ್ನ ಕಡೆ ತಿರುಗಿದವು. ಹೇಳಿದ್ದು ನಿಜ. ಏನು ಹೇಳಿದ್ದೆ, ಯಾಕೆ ಹೇಳಿದ್ದೆ ಎಂಬುದಕ್ಕೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಜಿಲ್ಲೆಯಲ್ಲಿ ನಾವು ಏಳು ಜನ ಇದ್ದೇವೆ. ಚಿಕ್ಕಂದಿನಲ್ಲಿ ಟಿವಿಗೆ ವೈರ್ ಸಿಕ್ಕಿಸಿ, ಹಳದಿ ಕ್ಯಾಸೆಟ್ ತೂರಿಸಿ ಆಡುತ್ತಿದ್ದ ಗೇಮುಗಳ ಹಿನ್ನೆಲೆ ಸಂಗೀತವನ್ನು ಹಿಡಿದು, ಅದಕ್ಕೆ ತಮಟೆ, ಕೀಬೋರ್ಡ್, ಕೈಗೆ ಸಿಕ್ಕಿದ್ದನ್ನು ಸೇರಿಸಿ ರೀಮಿಕ್ಸ್ ಮಾಡುವವರು. ಇದರಿಂದ ಯಾರಿಗೂ ಪ್ರಯೋಜನವಿಲ್ಲ. ಒಬ್ಬರು ಮಾಡಿದ್ದನ್ನು ಮೊಬೈಲ್ ಗ್ರೂಪಿಗೆ ಹಾಕುತ್ತಾರೆ, ಉಳಿದ ಆರು ಜನ ಅಭಿಪ್ರಾಯ ಹೇಳುತ್ತಾರೆ. ನನಗೆ ರೀಮಿಕ್ಸ್ ಮಾಡಲು ಬರುವುದಿಲ್ಲ. ಅಭಿಪ್ರಾಯ ಹೇಳಲು ಬರುತ್ತದೆ. ಅದಕ್ಕೇ ಸೇರಿಸಿಕೊಂಡರು.

ನಾನು ಸೇರಿದಾಗ ಅಲ್ಲಿ ಎರಡೇ ಬಗೆಯ ಅಭಿಪ್ರಾಯ ಇತ್ತು. ಒಂದು, ‘ಸೂಪರ್ ಅಣ್ಣ’. ಇನ್ನೊಂದು, ಮೌನ. ಹಾಡು ಚೆನ್ನಾಗಿದ್ದರೆ ಸೂಪರ್, ಕೆಟ್ಟಿದ್ದರೆ ಸೂಪರ್ ಜೊತೆ ಮೂರು ಬೆಂಕಿ ಚಿತ್ರ, ಸಹಿಸಲು ಆಗದಿದ್ದರೆ ಮೌನ. ಹೊಸದುರ್ಗದ ಶಾಲಾ ಶಿಕ್ಷಕಿಯೊಬ್ಬರು ಕೇಳದೆಯೇ ಸೂಪರ್ ಹಾಕುತ್ತಿದ್ದರು. ನಾಲ್ಕು ನಿಮಿಷದ ಹಾಡಿಗೆ ಹತ್ತು ಸೆಕೆಂಡಿನಲ್ಲಿ ಸೂಪರ್ ಬಂದಾಗ ನನಗೆ ಗೊತ್ತಾಯಿತು.

ಸುದ್ದಿಮನೆಯ ಅಭ್ಯಾಸ ಕೆಟ್ಟದ್ದು. ನಾನು ನಿಯಮ ಮಾಡಿದೆ. ಒಂದು, ಸೂಪರ್ ಎಂಬ ಪದ ನಿಷಿದ್ಧ. ಎರಡು, ತಪ್ಪನ್ನು ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಎಂದು ನಮೂದಿಸಿ ಹೇಳಬೇಕು. ಮೂರು, ಹಾಡು ಹಾಕುವವರು ಮುನ್ನುಡಿ ಬರೆಯಬಾರದು. ‘ಜ್ವರ ಇತ್ತು’, ‘ಕರೆಂಟ್ ಹೋಗಿತ್ತು’, ‘ನಮ್ಮ ಮಾವ ಹಾಡಿದ್ದು’ ಇವೆಲ್ಲ ಬೇಡ. ವರದಿ ತನ್ನ ಕಾಲ ಮೇಲೆ ನಿಲ್ಲಬೇಕು, ವರದಿಗಾರ ಅದರ ಪಕ್ಕ ನಿಂತು ಕೈಮುಗಿಯಬಾರದು. ಮೂರನೇ ನಿಯಮದ ಬಗ್ಗೆ ನನಗೆ ವಿಶೇಷ ಹೆಮ್ಮೆ ಇತ್ತು. ಅದೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಹೊಳಲ್ಕೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವರೊಬ್ಬರು ಗುಹೆಯೊಳಗಿನ ಆಟವೊಂದರ ರಾಗವನ್ನು ರೀಮಿಕ್ಸ್ ಮಾಡಿ ಹಾಕಿದರು. ನಾನು ಬರೆದೆ: ‘ಮೊದಲಿನಿಂದ ನಲವತ್ತನೇ ಸೆಕೆಂಡಿನವರೆಗೆ ಏನೂ ಆಗುವುದಿಲ್ಲ. ನಲವತ್ತೊಂದನೇ ಸೆಕೆಂಡಿನಲ್ಲಿ ಆದದ್ದು ಆಗಬಾರದಿತ್ತು.’ ಅವರು ಒಂದು ತಿಂಗಳು ಗ್ರೂಪಿನಲ್ಲಿ ಮಾತಾಡಲಿಲ್ಲ. ಆಮೇಲೆ ಹಾಕಿದ ಹಾಡು ನಿಜಕ್ಕೂ ಉತ್ತಮವಾಗಿತ್ತು. ನನ್ನ ಪದ್ಧತಿ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಹಿರಿಯೂರಿನ ಸದಸ್ಯನಿಗೆ ಇಪ್ಪತ್ತೆಂಟು ವರ್ಷ. ತಲೆತಲಾಂತರದಿಂದ ಊರಿನಲ್ಲಿರುವ ಮುಸ್ಲಿಂ ಮನೆತನ, ಅಪ್ಪನದು ಮದುವೆಯ ಬ್ಯಾಂಡ್‌ಸೆಟ್. ಇವನು ಅದರಲ್ಲಿ ಡ್ರಮ್ ಬಾರಿಸುತ್ತಾನೆ, ಆಸೆ ಕೀಬೋರ್ಡಿನ ಮೇಲೆ. ಅಪ್ಪ ಆ ಕೀಬೋರ್ಡನ್ನು ‘ಇಸ್ತ್ರಿ ಮೇಜು’ ಎಂದು ಕರೆಯುತ್ತಿದ್ದರು. ಮೆರವಣಿಗೆಗೆ ಅದನ್ನು ತರಲು ಬಿಟ್ಟಿರಲಿಲ್ಲ. ಎರಡು ವರ್ಷ ಬೇಡಿಕೊಂಡ ಮೇಲೆ ಒಪ್ಪಿದ್ದು ಇಷ್ಟಕ್ಕೆ: ಒಂದು ರಾಗ ಮಾಡು, ಅದರಲ್ಲಿ ನಾನೂ ಊದುತ್ತೇನೆ. ನಾಲ್ಕು ಜನ ಮೆಚ್ಚಿದರೆ ಮತ್ತೋಡು ಊರಿನ ಮದುವೆಗೆ ಇಸ್ತ್ರಿ ಮೇಜು ಬರಲಿ. ಮೆಚ್ಚದಿದ್ದರೆ ಅದು ಅಟ್ಟಕ್ಕೆ, ನೀನು ಡ್ರಮ್ಮಿಗೆ, ಮತ್ತೆ ಆ ಮಾತೇ ಎತ್ತಬೇಡ.

ಇದ್ಯಾವುದನ್ನೂ ಅವನು ಗ್ರೂಪಿನಲ್ಲಿ ಹೇಳಲಿಲ್ಲ. ಮುನ್ನುಡಿ ನಿಷಿದ್ಧವಾಗಿತ್ತಲ್ಲ.

ಅವನು ಹಾಡು ಹಾಕಿದ ದಿನ ನಾನು ನಾಮಕರಣವೊಂದನ್ನು ಮುಗಿಸಿ ಹೊಸದುರ್ಗದಿಂದ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನ್. ಬರೆಯಲು ಆಗದೆ ಮಾತಾಡಿ ಕಳಿಸಿದೆ. ಒಂದು ನಿಮಿಷ ಹನ್ನೆರಡು ಸೆಕೆಂಡಿನ ಧ್ವನಿ ಸಂದೇಶ. ಅದರ ಸಾರ ಇದು: “ಒಂದನೇ ನಿಮಿಷ ಹತ್ತನೇ ಸೆಕೆಂಡಿಗೆ ಬರುವ ಕ್ಲಾರಿನೆಟ್ ಯಾವ ಆ್ಯಪ್‌ನದು? ಪುಕ್ಕಟೆ ಆ್ಯಪ್ ಇರಬೇಕು. ಉಸಿರೇ ಇಲ್ಲ. ಮನುಷ್ಯ ಊದಿದ ಹಾಗಿಲ್ಲ, ಕುಕ್ಕರ್ ಊದಿದ ಹಾಗಿದೆ. ತೆಗೆದುಹಾಕು.”

ಪಕ್ಕದ ಸೀಟಿನ ಅಜ್ಜಿ ತಲೆ ಎತ್ತಿ ನೋಡಿದರು. “ಯಾರಿಗಮ್ಮ ಅಂಗೆ ಬೈತಿದೀಯ?”

“ಬೈತಿಲ್ಲಜ್ಜಿ, ಅಭಿಪ್ರಾಯ ಹೇಳ್ತಿದೀನಿ.”

“ನಮ್ಮ ಸೊಸೆನೂ ಹಂಗೇ ಅಂತಾಳೆ.”

ಹಿರಿಯೂರಿನಲ್ಲಿ ಮಗ ಆ ಸಂದೇಶವನ್ನು ಬ್ಯಾಂಡ್ ಅಂಗಡಿಯಲ್ಲೇ ಸ್ಪೀಕರಿಗೆ ಹಾಕಿ ತೆರೆದ. ಹೊಗಳಿಕೆ ಬರುತ್ತದೆ, ಅಪ್ಪನೂ ಕೇಳಲಿ ಎಂದು. ಕುಕ್ಕರ್ ಎಂಬಲ್ಲಿಗೆ ಬಂದಾಗ ಮಾಸ್ಟರ್ ಕ್ಲಾರಿನೆಟ್ ಒರೆಸುತ್ತಿದ್ದರಂತೆ. ಒರೆಸುವುದನ್ನು ನಿಲ್ಲಿಸಿ, ಬಿಚ್ಚಿ, ಪೆಟ್ಟಿಗೆಗೆ ಹಾಕಿ, ಮತ್ತೋಡಿಗೆ ನಾನು ಬರುವುದಿಲ್ಲ ಎಂದರಂತೆ. ಮೂರನೇ ದಿನ ಆ ಪೆಟ್ಟಿಗೆಯ ಸಮೇತ ನಮ್ಮ ಕಚೇರಿಯಲ್ಲಿದ್ದರು.

“ಕುಂತ್ಕಳ್ರಿ” ಎಂದೆ.

“ಕುಂತ್ಕಳಾಕೆ ಬಂದಿಲ್ಲ. ಮನುಷ್ಯ ಊದಿಲ್ಲ ಅಂದ್ರಲ್ಲ. ನೋಡ್ರಿ, ನಾನು ಮನುಷ್ಯ ಹೌದೋ ಅಲ್ಲೋ.” ನಂತರ ಕುಳಿತರು. “ನಲವತ್ತು ವರ್ಷ ಊದೀನಿ. ಮೂರು ಹಲ್ಲು ಹೋಗ್ಯಾವೆ, ಉಸಿರು ಹೋಗಿಲ್ಲ. ನೀವು ಚಿಕ್ಕೋರಿದ್ದಾಗ ಗೇಮಿನ ಕ್ಯಾಸೆಟ್ ಓಡ್ಲಿಲ್ಲ ಅಂದ್ರೆ ಬಾಯಿಂದ ಊದ್ತಿದ್ರಂತಲ್ಲ. ನೀವು ಊದಿದ್ದು ಅದೊಂದೇ.”

ಹಿರಿಯ ಸಹೋದ್ಯೋಗಿ ಕೆಮ್ಮಿದರು. ಅವರು ನಗುವುದು ಹಾಗೆಯೇ.

“ತಪ್ಪಾಗಿದ್ದರೆ ತಿದ್ದುಪಡಿ ಹಾಕ್ತೀನಿ” ಎಂದೆ. “ಆದರೆ ಪರಿಶೀಲಿಸದೆ ಹಾಕುವ ಪದ್ಧತಿ ಇಲ್ಲ. ನೀವು ಊದುವುದನ್ನು ಕೇಳಬೇಕು.”

ಅವರು ಅಲ್ಲೇ ಪೆಟ್ಟಿಗೆ ತೆರೆಯಲು ಹೋದರು. ಸಂಪಾದಕರ ಕೋಣೆಯಲ್ಲಿ ಯಾವುದೋ ಸಮಾಜದ ನಿಯೋಗ ಕುಳಿತಿತ್ತು. ಇಲ್ಲಿ ಬೇಡ, ಹಿರಿಯೂರಿಗೆ ಬರುತ್ತೇನೆ ಎಂದೆ.

“ಬರ್ರಿ. ಊಟ ಮಾಡ್ಕಂಡೇ ಬರ್ರಿ. ನಮ್ಮ ಮನೆಯಾಕೆ ನಿಮ್ಮ ಮೇಲೆ ಸಿಟ್ಟಾಗ್ಯಾಳೆ, ಹಾಕಾದು ಡೌಟು.”

ಶುಕ್ರವಾರ ರಜೆ ಹಾಕಿ ಹೋದೆ. ಬ್ಯಾಂಡ್ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಗೋಡೆಯ ಮೊಳೆಗಳಲ್ಲಿ ತುತ್ತೂರಿಗಳು, ಕೆಂಪು ಅಂಗಿಗಳು, ಕೆಳಗೆ ದೊಡ್ಡ ಡ್ರಮ್. ಮಗ ಮೂಲೆಯಲ್ಲಿ ಕೀಬೋರ್ಡಿನ ಮುಂದೆ ತಲೆ ತಗ್ಗಿಸಿ ಕುಳಿತಿದ್ದ. ಮನೆಯಾಕೆ ಚಹಾ ತಂದುಕೊಟ್ಟರು. ಸಕ್ಕರೆ ಹಾಕಿರಲಿಲ್ಲ. ಮರೆವೋ ಶಿಕ್ಷೆಯೋ ಎಂದು ವಿಚಾರಿಸಲಿಲ್ಲ, ಕುಡಿದೆ.

ಮಾಸ್ಟರ್ ಊದಿದರು. ಮೊದಲು ಕೇಳಿದ್ದು ಸ್ವರವಲ್ಲ, ಅದಕ್ಕೂ ಮುಂಚೆ ಮೂಗಿನಿಂದ ಒಳಗೆಳೆದ ಗಾಳಿ. ಸ್ವರ ಕೆಳಗಿನಿಂದ ಮೆಲ್ಲಗೆ ಹತ್ತಿ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಹಲ್ಲು ಹೋದ ಕಡೆಯಿಂದ ಸಣ್ಣದೊಂದು ಸಿಳ್ಳು ತಪ್ಪಿಸಿಕೊಳ್ಳುತ್ತಿತ್ತು. ನಾನು ಬಸ್ಸಿನಲ್ಲಿ ಕೇಳಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

“ಇದನ್ನೇ ರೆಕಾರ್ಡ್ ಮಾಡಿದೆಯಾ?” ಮಗನನ್ನು ಕೇಳಿದೆ.

“ಇದೇ ಅಕ್ಕ. ಆಮೇಲೆ ಸ್ವಲ್ಪ ಕ್ಲೀನ್ ಮಾಡಿದೆ.”

“ಏನು ಕ್ಲೀನ್ ಮಾಡಿದೆ?”

“ಗಾಳಿ ಸದ್ದೆಲ್ಲ ತೆಗೆದೆ. ಸ್ವರ ಎಲ್ಲಾ ಗೇಮಿನ ತಾಳಕ್ಕೆ ಕರೆಕ್ಟಾಗಿ ಕೂರಿಸಿದೆ. ಆ ಸಿಳ್ಳು ಬರ್ತಿತ್ತಲ್ಲ, ಅದನ್ನೂ ತೆಗೆದೆ. ನೀವು ಗಲೀಜು ಅಂತ ಬೈತೀರಿ ಅಂತ.”

ಮಾಸ್ಟರ್ ಕ್ಲಾರಿನೆಟ್ ತೊಡೆಯ ಮೇಲಿಟ್ಟುಕೊಂಡರು. “ನನ್ನ ಉಸಿರು ಕಸ ಅಂತ ಗುಡಿಸಿ ಹಾಕ್ಯಾನೆ. ಕೇಳಿದ್ರಾ? ಲೇ, ಕಸ ಗುಡಿಸೋ ಹುಚ್ಚಿದ್ರೆ ಅಂಗಡಿ ಗುಡಿಸು. ಹಬ್ಬದಿಂದ ಗುಡಿಸಿಲ್ಲ.”

ಸತ್ಯಾಂಶ ಹೀಗಿತ್ತು: ನಾನು ಕೇಳಿದ್ದನ್ನು ಸರಿಯಾಗಿ ಹೇಳಿದ್ದೆ, ಯಾರದು ಎಂಬುದನ್ನು ತಪ್ಪಾಗಿ ಹೇಳಿದ್ದೆ. ಮಗ ನನಗೆ ಹೆದರಿ ಅಪ್ಪನನ್ನು ತೊಳೆದಿದ್ದ, ತೊಳೆದ ಅಪ್ಪನನ್ನು ನಾನು ಆ್ಯಪ್ ಎಂದಿದ್ದೆ. ಸುದ್ದಿಮನೆಯಲ್ಲಿ ಇಂಥದ್ದಕ್ಕೆ ಇಬ್ಬರಿಗೂ ನೋಟಿಸ್ ಬರುತ್ತದೆ.

ನಂತರ ಮಾಸ್ಟರ್ ಪೂರ್ತಿ ರೀಮಿಕ್ಸ್ ಹಾಕಲು ಹೇಳಿದರು. ಒಮ್ಮೆ ಕೇಳಿ, ಎದ್ದು ನಿಂತು, ಚಪ್ಪಲಿ ಮೆಟ್ಟಿದರು. “ಇದಕ್ಕೆ ನಡೀರಿ ನೋಡಾಣ.”

ಅರ್ಥವಾಗಲಿಲ್ಲ. ಮಗನಿಗೂ ಆಗಲಿಲ್ಲ. ಅವರು ನಮ್ಮಿಬ್ಬರನ್ನೂ ಬೀದಿಗೆ ಕರೆತಂದು, ಫೋನಿನಲ್ಲಿ ಹಾಡು ಹಾಕಿಸಿ, ಮೂಲೆಯ ಹಿಟ್ಟಿನ ಗಿರಣಿಯವರೆಗೆ ತಾಳಕ್ಕೆ ಹೆಜ್ಜೆ ಹಾಕಿಸಿದರು. ಅರ್ಧ ದಾರಿಗೆ ನಾನು ಓಡುತ್ತಿದ್ದೆ. ಗಿರಣಿಯವರು ಯಂತ್ರ ನಿಲ್ಲಿಸಿ ಹೊರಗೆ ಬಂದು ನೋಡಿದರು.

“ಆ ಗೇಮಿನ ಬೊಂಬೆ ಯಾಕೆ ಓಡ್ತತೆ?” ಮಾಸ್ಟರ್ ಕೇಳಿದರು.

“ಹಿಂದೆ ರಾಕ್ಷಸ ಬರ್ತಾನೆ ಅಬ್ಬಾ” ಎಂದ ಮಗ.

“ಮದುವಣಗನ ಹಿಂದೆ ಯಾರು ಬರ್ತಾರೆ? ಅವರಜ್ಜಿ. ಎರಡೂ ಮಂಡಿ ಹೋಗಿರ್ತವೆ. ಮೆರವಣಿಗೆ ತಾಳ ಅಂದ್ರೆ ಅವಳು. ಅವಳ ಹೆಜ್ಜೆ ನೋಡಿ ಡ್ರಮ್ ಬಾರಿಸ್ಬೇಕು. ರಾಕ್ಷಸ ಮದುವೆ ಆದ್ಮೇಲೆ ಬರ್ತಾನೆ, ಅದಕ್ಕೀಗ್ಲೇ ಓಡಾದು ಬ್ಯಾಡ.”

ಎರಡು ವರ್ಷದಲ್ಲಿ ನಾವು ಏಳು ಜನ ನೂರಾರು ಅಭಿಪ್ರಾಯ ಹೇಳಿದ್ದೆವು. ಎಲ್ಲವನ್ನೂ ಕುಳಿತು, ಇಲ್ಲವೇ ಬಸ್ಸಿನ ಕಂಬಿ ಹಿಡಿದು ಹೇಳಿದ್ದೆವು. ಎದ್ದು ನಡೆದು ನೋಡಿದವರು ಒಬ್ಬರೂ ಇರಲಿಲ್ಲ.

ಇನ್ನು ತಿದ್ದುಪಡಿ. ತಪ್ಪು ಎಲ್ಲಿ ಬಂತೋ ಅಲ್ಲೇ, ಅಷ್ಟೇ ದೊಡ್ಡದಾಗಿ ಬರಬೇಕು ಎಂದರು ಮಾಸ್ಟರ್. ಇದನ್ನು ಅವರಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಪತ್ರಿಕೆಗಳು ಈ ನಿಯಮ ಪಾಲಿಸಿದ್ದನ್ನು ನಾನಂತೂ ಕಂಡಿಲ್ಲ. ತಪ್ಪು ಧ್ವನಿ ಸಂದೇಶದಲ್ಲಿ ಬಂದಿತ್ತು, ಆದ್ದರಿಂದ ತಿದ್ದುಪಡಿಯೂ ಧ್ವನಿ ಸಂದೇಶವಾಗಬೇಕು. ಅದು ಒಂದು ನಿಮಿಷ ಹನ್ನೆರಡು ಸೆಕೆಂಡ್ ಇತ್ತು, ಇದೂ ಅಷ್ಟೇ ಇರಬೇಕು.

ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಫೋನಿನ ಗುಂಡಿ ಒತ್ತಿದೆ. “ತಿದ್ದುಪಡಿ. ಭಾನುವಾರ ಇದೇ ಗ್ರೂಪಿನಲ್ಲಿ ಆ್ಯಪ್ ಎಂದು ವಿವರಿಸಲಾದ ಕ್ಲಾರಿನೆಟ್, ವಾಸ್ತವದಲ್ಲಿ ಹಿರಿಯೂರಿನ ಹಿರಿಯ ವಾದಕರೊಬ್ಬರದು. ಅವರಿಗೆ ಉಸಿರಿದೆ. ಅದನ್ನು ಅವರ ಮಗ ಅಳಿಸಿದ್ದು, ಅಳಿಸುವಂತೆ ಹೆದರಿಸಿದ್ದು ನಾನು. ಕುಕ್ಕರಿನ ಹೋಲಿಕೆ ಅನಗತ್ಯವಾಗಿತ್ತು. ವಿಷಾದಿಸುತ್ತೇನೆ.” ಡೆಸ್ಕಿನವರಿಗೆ ಇದಕ್ಕಿಂತ ಉದ್ದ ಬರೆಯಲು ಬರುವುದಿಲ್ಲ. ಮಾಸ್ಟರ್ ಕಣ್ಣು ಫೋನಿನ ಮೇಲೇ ಇತ್ತು. ನಲವತ್ತು ಸೆಕೆಂಡ್ ಆಗಿತ್ತು.

“ಇನ್ನೂ ಮೂವತ್ತೆರಡು ಸೆಕೆಂಡ್ ಐತೆ” ಎಂದರು ಪಿಸುದನಿಯಲ್ಲಿ.

ನಾನು ಫೋನನ್ನು ಅವರ ಕಡೆ ತಿರುಗಿಸಿದೆ. ಅವರೂ ಕಾಯಲಿಲ್ಲ, ಕ್ಲಾರಿನೆಟ್ ಎತ್ತಿ ಗೇಮಿನ ರಾಗವನ್ನು ಅಜ್ಜಿಯ ನಡಿಗೆಗೆ ಇಳಿಸಿ ಊದಿದರು. ಮೂಗಿನ ಗಾಳಿ, ಹಲ್ಲಿನ ಸಿಳ್ಳು, ಹಿಂದೆ ಗಿರಣಿಯ ಸದ್ದು ಎಲ್ಲವೂ ಅದರಲ್ಲಿ ಸೇರಿಕೊಂಡವು. ಸರಿಯಾಗಿ ಒಂದು ನಿಮಿಷ ಹನ್ನೆರಡಕ್ಕೆ ನಿಲ್ಲಿಸಿ, ಕಳಿಸ್ರಿ ಎಂದರು.

ಗ್ರೂಪಿನಲ್ಲಿ ಮೊದಲು ಉತ್ತರಿಸಿದ್ದು ಹೊಳಲ್ಕೆರೆಯ ರಿಪೇರಿ ಅಂಗಡಿಯವರು. ‘ಮೊದಲಿನಿಂದ ನಲವತ್ತನೇ ಸೆಕೆಂಡಿನವರೆಗೆ ಏನೂ ಆಗುವುದಿಲ್ಲ ಅಕ್ಕ. ನಲವತ್ತೊಂದರಿಂದ ಮುಂದಕ್ಕೆ ಚೆನ್ನಾಗಿದೆ.’ ಒಂದು ವರ್ಷ ಇದಕ್ಕಾಗಿ ಕಾದಿದ್ದರು ಎಂದು ನನ್ನ ಅಂದಾಜು. ಉಳಿದವರದ್ದೂ ಒಂದೊಂದಾಗಿ ಬಂತು. ಹೊಸದುರ್ಗದ ಶಿಕ್ಷಕಿ ಪೂರ್ತಿ ಕೇಳಿ, ನಿಷಿದ್ಧ ಪದವನ್ನು ಬಳಸಿದರು. ನಾನು ಆಕ್ಷೇಪಿಸಲಿಲ್ಲ. ಮಗ ಬೆರಳು ಮಡಚಿ ನಾಲ್ಕು ಜನರನ್ನು ಎಣಿಸಿ ಅಪ್ಪನಿಗೆ ತೋರಿಸಿದ. ಅಪ್ಪ ನೋಡದವರಂತೆ ಕ್ಲಾರಿನೆಟ್ ಬಿಚ್ಚತೊಡಗಿದರು. ಮನೆಯಾಕೆ ಒಳಗಿನಿಂದ, “ಊಟಕ್ಕೆ ಏಳಾಕೆ ಹೇಳು ಆಕೀಗೆ” ಎಂದರು.

ಮತ್ತೋಡಿನ ಮೆರವಣಿಗೆ ಮುಂದಿನ ವಾರ, ಸಂಜೆ ಐದಕ್ಕೆ. ಕೀಬೋರ್ಡನ್ನು ಲಗೇಜ್ ಆಟೋದ ಹಿಂದೆ ಹಗ್ಗದಿಂದ ಬಿಗಿದಿದ್ದರು. ಮಗ ಅದರ ಮುಂದೆ ನಿಂತಿದ್ದ, ಡ್ರಮ್ಮಿಗೆ ಬೇರೆಯವರು. ಮಾಸ್ಟರ್ ಕೆಂಪು ಅಂಗಿ ತೊಟ್ಟು ಹಿಮ್ಮುಖವಾಗಿ ನಡೆಯುತ್ತಿದ್ದರು, ಮದುವಣಗನ ಅಜ್ಜಿಯ ಪಾದದ ಮೇಲೆ ಕಣ್ಣು. ರಾಕ್ಷಸನಿಂದ ತಪ್ಪಿಸಿಕೊಳ್ಳಲು ಹುಟ್ಟಿದ್ದ ರಾಗ ಎರಡು ಫರ್ಲಾಂಗ್ ದೂರವನ್ನು ಮುಕ್ಕಾಲು ಗಂಟೆಯಲ್ಲಿ ಕ್ರಮಿಸಿತು. ನಡುವೆ ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳಲು ನಿಂತರು, ಬ್ಯಾಂಡೂ ಒಂದೇ ಸ್ವರ ಹಿಡಿದುಕೊಂಡು ನಿಂತಿತು. ಅದು ಯಾವ ಗೇಮಿನದೆಂದು ಯಾರೂ ಕೇಳಲಿಲ್ಲ. ದೇವರನಾಮ ಇರಬೇಕೆಂದು ಒಬ್ಬರು ಚಪ್ಪಲಿ ಬಿಟ್ಟು ನಿಂತಿದ್ದರು.

ಛತ್ರದ ಬಾಗಿಲಲ್ಲಿ ಮಾಸ್ಟರ್ ಬೆವರು ಒರೆಸಿಕೊಂಡು ನನ್ನ ಬಳಿ ಬಂದರು. “ಹೇಳ್ರಿ. ಎಷ್ಟನೇ ಸೆಕೆಂಡಿನಾಗೆ ತಪ್ಪಾತು?”

ಗಡಿಯಾರ ನೋಡಿರಲಿಲ್ಲ. ಆದರೂ ಒಂದು ತಪ್ಪು ಕಿವಿಗೆ ಬಿದ್ದಿತ್ತು. “ಹಾಲಿನ ಡೇರಿ ತಿರುವಿನಲ್ಲಿ ಡ್ರಮ್ ಮುಂದೆ ಓಡಿತು.”

“ಹೂಂ. ನನಗೂ ಕೇಳ್ತು.” ಅವರು ಆಟೋ ಕಡೆ ತಿರುಗಿದರು. ಮಗ ಹಗ್ಗ ಬಿಚ್ಚುತ್ತಾ, ಇತ್ತ ನೋಡದೆ, ಕಿವಿ ಮಾತ್ರ ಇತ್ತ ಇಟ್ಟುಕೊಂಡಿದ್ದ. “ಏನಪ್ಪ, ಡೇರಿ ಹತ್ರ ನಿನ್ನ ಕೈ ಗಟ್ಟಿಯಾಗಿತ್ತು, ಡ್ರಮ್ಮಿನವನೇ ಓಡಿದ್ದು. ಭಾನುವಾರ ಹೊಳಲ್ಕೆರೆ ಮದುವೆಗೆ ಮುಂಚೆ ಅವನಿಗೆ ಹೇಳು, ಅಜ್ಜಿ ನೋಡು ಅಂತ.” ಎರಡು ಹೆಜ್ಜೆ ಹೋಗಿ ನಿಂತರು. “ಹಗ್ಗ ಬದಲಾಯಿಸು. ಇಸ್ತ್ರಿ ಮೇಜು ಅಲ್ಲಾಡ್ತಿತ್ತು.”